ನೆಲ್ಲಿಕಾಯಿ, ಮುರುಗಲು, ಹರಿವೆ: ಪ್ರತಿದೀಪ್ತಿಯಿಂದ ವಿಟಮಿನ್ ಅಳೆಯಬಹುದೇ?

ಶಿರಸಿಯ ಗೃಹೋದ್ಯಮಿ

ಎಲ್ಲರಿಗೂ ನಮಸ್ಕಾರ. ಶಿರಸಿ ಸಮೀಪದ ನಮ್ಮ ಊರಿನ ಕೆಲವು ಮಹಿಳೆಯರು ಸೇರಿ ನೆಲ್ಲಿಕಾಯಿ ರಸ, ಮುರುಗಲು ಹಣ್ಣಿನ ಸಿರಪ್ ಮತ್ತು ನುಗ್ಗೆ ಸೊಪ್ಪಿನ ಪುಡಿಯನ್ನು ತಯಾರಿಸಿ ಮಾರುತ್ತಿದ್ದೇವೆ. ಇದರಲ್ಲಿ ಎಷ್ಟು ವಿಟಮಿನ್ ಇದೆ ಎಂದು ಗ್ರಾಹಕರು ಕೇಳತೊಡಗಿದ್ದರಿಂದ ಒಂದು ಪ್ರಯೋಗಾಲಯಕ್ಕೆ ಮಾದರಿಗಳನ್ನು ಕೊಟ್ಟಿದ್ದೆವು. ನೆಲ್ಲಿ ರಸಕ್ಕೆ ವಿಟಮಿನ್ ಸಿ ಪ್ರಮಾಣವನ್ನು ಬರೆದು ಕೊಟ್ಟರು. ಮುರುಗಲು ಸಿರಪ್ಪಿಗೆ ಮಾತ್ರ, ಬಣ್ಣ ಗಾಢವಾಗಿರುವುದರಿಂದ ಟೈಟ್ರೇಷನ್ನಿನ (ಹನಿಹನಿಯಾಗಿ ದ್ರಾವಣ ಬಿಟ್ಟು ಅಳೆಯುವ ವಿಧಾನದ) ಕೊನೆಯ ಹಂತವನ್ನು ಗುರುತಿಸಲಾಗಲಿಲ್ಲ ಎಂದು ತಿಳಿಸಿದರು.

ಈ ನಡುವೆ ಒಬ್ಬ ಮಾರಾಟಗಾರರು ಬಂದು, ನೋಟು ಪರೀಕ್ಷಿಸುವಂಥ ಒಂದು ಅತಿನೇರಳೆ ಟಾರ್ಚನ್ನೂ ಮೊಬೈಲ್ ಆ್ಯಪ್ಪನ್ನೂ ತೋರಿಸಿ, ಹಣ್ಣಿನ ಮೇಲೆ ಬೆಳಕು ಬಿಟ್ಟರೆ ಅದು ಹೊಳೆಯುವ ರೀತಿಯಿಂದ ವಿಟಮಿನ್ ಪ್ರಮಾಣ ತಿಳಿಯುತ್ತದೆ ಎಂದು ಹೇಳಿದರು. ಹರಿವೆ ಸೊಪ್ಪಿನ ರಸದ ಮೇಲೆ ಬೆಳಕು ಬಿಟ್ಟಾಗ ಅದು ನಿಜಕ್ಕೂ ಕೆಂಪಾಗಿ ಹೊಳೆಯಿತು. ಇದಕ್ಕೆ ವೈಜ್ಞಾನಿಕ ಆಧಾರ ಇದೆಯೇ, ಹಣ ಕೊಟ್ಟು ಕೊಳ್ಳಬಹುದೇ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಕಾರವಾರದ ರಸಾಯನಶಾಸ್ತ್ರ ಉಪನ್ಯಾಸಕಿ

ಅಕ್ಕಾ, ಟಾರ್ಚನ್ನು ಸದ್ಯಕ್ಕೆ ಕೊಳ್ಳಬೇಡಿ. ಪ್ರತಿದೀಪ್ತಿಯಿಂದ ವಿಟಮಿನ್ ಅಳೆಯುವ ವಿಧಾನಗಳು ಇವೆ, ಅವು ಹಳೆಯವು ಮತ್ತು ನಂಬಿಕೆಗೆ ಅರ್ಹವಾದವು. ಆದರೆ ಅವು ನಡೆಯುವುದು ಹಣ್ಣಿನ ಮೇಲೆ ಬೆಳಕು ಬಿಟ್ಟು ಅಲ್ಲ, ಹಣ್ಣಿನಿಂದ ವಿಟಮಿನ್ನನ್ನು ದ್ರಾವಣಕ್ಕೆ ಇಳಿಸಿ, ಅದರ ಜೊತೆ ಬಂದ ಇತರ ವಸ್ತುಗಳ ಹೊಳಪನ್ನು ಲೆಕ್ಕದಿಂದ ಕಳೆದ ಮೇಲೆ.

ಒಂದು ಅಣು ಕಡಿಮೆ ತರಂಗಾಂತರದ ಬೆಳಕನ್ನು ಹೀರಿಕೊಂಡು, ಅದರಲ್ಲಿ ಸ್ವಲ್ಪ ಶಕ್ತಿಯನ್ನು ಶಾಖವಾಗಿ ಬಿಟ್ಟು, ಉಳಿದದ್ದನ್ನು ಹೆಚ್ಚು ತರಂಗಾಂತರದ ಬೆಳಕಾಗಿ ತಕ್ಷಣವೇ ಹೊರಸೂಸುವುದು ಪ್ರತಿದೀಪ್ತಿ. ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 1852ರಲ್ಲಿ ಕ್ವಿನೈನ್ ದ್ರಾವಣವನ್ನು ಬಳಸಿ ಇದನ್ನು ವಿವರಿಸಿದರು. ಇಂದಿಗೂ ಫ್ಲೋರಿಮೀಟರ್, ಅಂದರೆ ಪ್ರತಿದೀಪ್ತಿ ಅಳೆಯುವ ಯಂತ್ರ, ಸರಿಯಾಗಿದೆಯೇ ಎಂದು ನೋಡಲು ಕ್ವಿನೈನ್ ಸಲ್ಫೇಟ್ ದ್ರಾವಣವನ್ನೇ ಬಳಸುತ್ತೇವೆ. ಎಲ್ಲ ಅಣುಗಳೂ ಹೀಗೆ ಹೊಳೆಯುವುದಿಲ್ಲ ಎಂಬುದೇ ನಿಮ್ಮ ಪ್ರಶ್ನೆಯ ಮುಖ್ಯ ಸಂಗತಿ.

ವಿಟಮಿನ್ನುಗಳ ಪೈಕಿ ತಾನಾಗಿಯೇ ಚೆನ್ನಾಗಿ ಹೊಳೆಯುವುದು ಬಿ2, ಅಂದರೆ ರೈಬೋಫ್ಲೇವಿನ್. ಸುಮಾರು 450 ನ್ಯಾನೋಮೀಟರಿನ ನೀಲಿ ಬೆಳಕನ್ನು ಕೊಟ್ಟರೆ ಅದು 525ರ ಆಸುಪಾಸಿನಲ್ಲಿ ಹಳದಿ ಮಿಶ್ರಿತ ಹಸಿರಾಗಿ ಹೊಳೆಯುತ್ತದೆ. ವಿಟಮಿನ್ ಇ ಕೂಡ ಹೊಳೆಯುತ್ತದೆ, ಆದರೆ ಅದು ಹೀರಿಕೊಳ್ಳುವುದು 295ರ ಹತ್ತಿರ, ಹೊರಸೂಸುವುದು 330ರ ಹತ್ತಿರ. ಎರಡೂ ಕಣ್ಣಿಗೆ ಕಾಣದ ಬೆಳಕು, ಸಾಮಾನ್ಯ ಗಾಜು ಅದಕ್ಕೆ ಸರಿಹೋಗುವುದಿಲ್ಲ, ಕ್ವಾರ್ಟ್ಜ್ ಕ್ಯೂವೆಟ್ (ದ್ರಾವಣವನ್ನು ಯಂತ್ರದಲ್ಲಿ ಇಡುವ ಸಣ್ಣ ಪಾತ್ರೆ) ಬೇಕು. ಬಿ1, ಅಂದರೆ ಥಯಮಿನ್, ತಾನಾಗಿ ಹೊಳೆಯುವುದಿಲ್ಲ. ಅದನ್ನು ಕ್ಷಾರೀಯ ಮಾಧ್ಯಮದಲ್ಲಿ ಪೊಟ್ಯಾಸಿಯಂ ಫೆರಿಸಯನೈಡಿನಿಂದ ಉತ್ಕರ್ಷಿಸಿ ಥಯೋಕ್ರೋಮ್ ಎಂಬ ವಸ್ತುವಾಗಿಸಿದರೆ, ಆ ಥಯೋಕ್ರೋಮ್ 365ರ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ. ಯಾನ್ಸೆನ್ ಎಂಬ ವಿಜ್ಞಾನಿ 1936ರಲ್ಲಿ ಕೊಟ್ಟ ಈ ವಿಧಾನದ ಪರಿಷ್ಕೃತ ರೂಪಗಳು ಈಗಲೂ ಬಳಕೆಯಲ್ಲಿವೆ.

ನಿಮಗೆ ಬೇಕಾದ ವಿಟಮಿನ್ ಸಿ ಮಾತ್ರ ಸ್ವಲ್ಪವೂ ಹೊಳೆಯುವುದಿಲ್ಲ. ಹರಿವೆಯ ರಸ ಕೆಂಪಾಗಿ ಹೊಳೆದದ್ದು ಪತ್ರಹರಿತ್ತಿನಿಂದ. ನೀಲಿ ಅಥವಾ ಅತಿನೇರಳೆ ಬೆಳಕನ್ನು ಹೀರಿದ ಕ್ಲೋರೋಫಿಲ್ 680 ನ್ಯಾನೋಮೀಟರಿನ ಆಸುಪಾಸಿನಲ್ಲಿ ಕೆಂಪು ಬೆಳಕನ್ನು ಬಿಡುತ್ತದೆ, ಹಸಿರು ಎಲೆ ಯಾವುದಾದರೂ ಸರಿ. ಅದರಿಂದ ವಿಟಮಿನ್ ಎಷ್ಟಿದೆ ಎಂದು ಹೇಳುವುದಕ್ಕೆ ಬರುವುದಿಲ್ಲ.

ಯಲ್ಲಾಪುರದ ತೋಟಗಾರ

ಮೇಡಂ, ಗಜ್ಜರಿ, ಪಪ್ಪಾಯ, ಮಾವು ಇವುಗಳಲ್ಲಿ ವಿಟಮಿನ್ ಎ ಇದೆ ಎನ್ನುತ್ತಾರೆ. ವಿಟಮಿನ್ ಎ ಹೊಳೆಯುತ್ತದೆ ಎಂದು ಎಲ್ಲೋ ಓದಿದ್ದೇನೆ. ಹಾಗಾದರೆ ನಮ್ಮ ಕಡೆಯ ಕರಿ ಇಶಾಡ ಮಾವಿನ ರಸವನ್ನು ಈ ರೀತಿ ಪರೀಕ್ಷಿಸಬಹುದಲ್ಲವೇ?

ಕಾರವಾರದ ರಸಾಯನಶಾಸ್ತ್ರ ಉಪನ್ಯಾಸಕಿ

ನೀವು ಓದಿದ್ದು ರೆಟಿನಾಲ್ ಬಗ್ಗೆ. ಅದು ಸುಮಾರು 325 ನ್ಯಾನೋಮೀಟರಿನ ಬೆಳಕಿಗೆ 470ರ ಆಸುಪಾಸಿನಲ್ಲಿ ಹೊಳೆಯುತ್ತದೆ, ಆದರೆ ಅದು ಇರುವುದು ಹಾಲು, ತುಪ್ಪ, ಮೊಟ್ಟೆ, ಮೀನಿನ ಯಕೃತ್ತಿನ ಎಣ್ಣೆಗಳಲ್ಲಿ. ಮಾವು, ಗಜ್ಜರಿಗಳಲ್ಲಿರುವುದು ಬೀಟಾ ಕೆರೋಟಿನ್. ನಮ್ಮ ದೇಹ ಅದನ್ನು ರೆಟಿನಾಲ್ ಆಗಿ ಬದಲಾಯಿಸಿಕೊಳ್ಳುತ್ತದೆ. ಬೀಟಾ ಕೆರೋಟಿನ್ ಬೆಳಕನ್ನು ಬಹಳ ಚೆನ್ನಾಗಿ ಹೀರುತ್ತದೆ, ಆದರೆ ಆ ಶಕ್ತಿಯನ್ನು ಶಾಖವಾಗಿ ಬಿಟ್ಟುಬಿಡುವುದರಿಂದ ಅದರ ಪ್ರತಿದೀಪ್ತಿ ಇಲ್ಲವೆನ್ನುವಷ್ಟು ಕಡಿಮೆ. ಹೀಗಾಗಿ ಮಾವಿನ ಹಣ್ಣಿಗೆ ಬಣ್ಣವನ್ನೇ ಅಳೆಯುವುದು ಸರಿಯಾದ ದಾರಿ: ಕೆರೋಟಿನ್ನನ್ನು ದ್ರಾವಕದಲ್ಲಿ ಬೇರ್ಪಡಿಸಿ, 450ರ ಹತ್ತಿರ ಅದು ಎಷ್ಟು ಬೆಳಕನ್ನು ಹೀರುತ್ತದೆ ಎಂದು ನೋಡುತ್ತಾರೆ.

ಕುಮಟಾದ ಎಂ.ಎಸ್ಸಿ. ವಿದ್ಯಾರ್ಥಿ

ಮೇಡಂ, ಹೊಳೆಯದ ವಿಟಮಿನ್ ಸಿ ಯನ್ನು ಪ್ರತಿದೀಪ್ತಿಯಿಂದ ಅಳೆಯುವ ವಿಧಾನವೊಂದು ನಮ್ಮ ಪಠ್ಯದಲ್ಲಿದೆ. ಅದರಲ್ಲಿ ಇದ್ದಿಲಿನ ಪುಡಿ, ಬೋರಿಕ್ ಆಮ್ಲ ಎಲ್ಲ ಬರುತ್ತವೆ. ಇವುಗಳಲ್ಲಿ ಯಾವುದು ಏಕೆ ಎಂಬುದು ನನಗೆ ಪೂರ್ತಿಯಾಗಿ ಸ್ಪಷ್ಟವಾಗಿಲ್ಲ. ಮುರುಗಲಿನಂಥ ಕೆಂಪು ರಸಕ್ಕೆ ಅದು ಹೊಂದುತ್ತದೆಯೇ?

ಕಾರವಾರದ ರಸಾಯನಶಾಸ್ತ್ರ ಉಪನ್ಯಾಸಕಿ

ಹೊಂದುತ್ತದೆ. ಮುರುಗಲಿಗೆ ಅದು ಏಕೆ ಟೈಟ್ರೇಷನ್ನಿಗಿಂತ ಮೇಲು ಎಂಬುದನ್ನು ವಿವರವಾಗಿ ಬರೆಯುತ್ತೇನೆ, ಶಿರಸಿಯ ಅಕ್ಕನಿಗೂ ಉತ್ತರ ಇದರಲ್ಲೇ ಇದೆ.

ಸಾಮಾನ್ಯ ಟೈಟ್ರೇಷನ್ನಿನಲ್ಲಿ 2,6-ಡೈಕ್ಲೋರೋಫಿನಾಲ್ ಇಂಡೋಫಿನಾಲ್ ಎಂಬ ಬಣ್ಣವನ್ನು ಹನಿಹನಿಯಾಗಿ ರಸಕ್ಕೆ ಬಿಡುತ್ತಾರೆ. ಆಸ್ಕಾರ್ಬಿಕ್ ಆಮ್ಲ, ಅಂದರೆ ವಿಟಮಿನ್ ಸಿ, ಇರುವವರೆಗೆ ಆ ಬಣ್ಣ ಅಳಿಯುತ್ತದೆ. ಮುಗಿದ ಕೂಡಲೇ ತಿಳಿ ಗುಲಾಬಿ ಬಣ್ಣ ಉಳಿಯುತ್ತದೆ. ಮುರುಗಲು ರಸ ಆಂಥೋಸಯನಿನ್ ಎಂಬ ವರ್ಣದ್ರವ್ಯದಿಂದಾಗಿ ಮೊದಲೇ ಕಡುಕೆಂಪಾಗಿರುವಾಗ ಆ ಗುಲಾಬಿಯನ್ನು ಕಣ್ಣು ಹೇಗೆ ಗುರುತಿಸೀತು? ನಿಮ್ಮ ಪ್ರಯೋಗಾಲಯದವರು ಒಂದು ಅಂದಾಜಿನ ಸಂಖ್ಯೆಯನ್ನು ಬರೆದುಕೊಡದೆ ಇದ್ದದ್ದನ್ನು ಇದ್ದಂತೆ ಹೇಳಿದ್ದು ಒಳ್ಳೆಯದಾಯಿತು. ಇನ್ನೊಂದು ತೊಂದರೆಯೂ ಇದೆ. ಸಿರಪ್ ಕೆಡದಿರಲೆಂದು ನೀವು ಕೆ.ಎಂ.ಎಸ್. (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್) ಹಾಕಿದ್ದರೆ, ಅದರಿಂದ ಬರುವ ಸಲ್ಫೈಟ್ ಕೂಡ ಆ ಬಣ್ಣವನ್ನು ಅಳಿಸುತ್ತದೆ. ಅದನ್ನು ತಡೆಯುವ ಕ್ರಮ ಕೈಗೊಳ್ಳದಿದ್ದರೆ ಇಲ್ಲದ ವಿಟಮಿನ್ ಇದ್ದಂತೆ ಲೆಕ್ಕಕ್ಕೆ ಬರುತ್ತದೆ.

ಪ್ರತಿದೀಪ್ತಿಯ ವಿಧಾನವನ್ನು ಡಾಯ್ಚ್ ಮತ್ತು ವೀಕ್ಸ್ ಎಂಬ ವಿಜ್ಞಾನಿಗಳು 1965ರಲ್ಲಿ ಪ್ರಕಟಿಸಿದರು, ಪರೀಕ್ಷಾ ವಿಧಾನಗಳನ್ನು ಗೊತ್ತುಪಡಿಸುವ ಸಂಸ್ಥೆಯಾದ ಎ.ಓ.ಎ.ಸಿ.ಯ 967.22 ಸಂಖ್ಯೆಯ ಅಧಿಕೃತ ವಿಧಾನವಾಗಿ ಅದು ದಾಖಲಾಗಿದೆ. ಹಣ್ಣನ್ನು ಮೆಟಾಫಾಸ್ಫಾರಿಕ್ ಆಮ್ಲ ಮತ್ತು ಅಸಿಟಿಕ್ ಆಮ್ಲದ ಮಿಶ್ರಣದಲ್ಲಿ ರುಬ್ಬಿ ಸೋಸುತ್ತಾರೆ. ಆಮ್ಲೀಯ ಮಾಧ್ಯಮದಲ್ಲಿ ವಿಟಮಿನ್ ಸಿ ಬೇಗ ಕೆಡುವುದಿಲ್ಲ. ನಂತರ ಆ ದ್ರಾವಣಕ್ಕೆ ಸಂಸ್ಕರಿಸಿದ ಇದ್ದಿಲಿನ ಪುಡಿಯನ್ನು ಹಾಕಿ ಕುಲುಕಿ ಸೋಸುತ್ತಾರೆ. ಇದ್ದಿಲು ಇಲ್ಲಿ ಎರಡು ಕೆಲಸ ಮಾಡುತ್ತದೆ. ಒಂದು, ಆಸ್ಕಾರ್ಬಿಕ್ ಆಮ್ಲವನ್ನು ಡಿಹೈಡ್ರೋಆಸ್ಕಾರ್ಬಿಕ್ ಆಮ್ಲವಾಗಿ ಉತ್ಕರ್ಷಿಸುತ್ತದೆ. ಎರಡು, ಬಣ್ಣವನ್ನು ತನ್ನ ಮೇಲ್ಮೈಗೆ ಹೀರಿಕೊಳ್ಳುತ್ತದೆ. ಕಡುಕೆಂಪು ರಸವನ್ನು ಸೋಸು ಕಾಗದದ ಮೇಲೆ ಸುರಿದರೆ ಕೆಳಗಿನ ಬೀಕರಿಗೆ ಬಹುಮಟ್ಟಿಗೆ ತಿಳಿಯಾದ ದ್ರಾವಣ ಇಳಿಯುವುದನ್ನು ನೀವು ಒಮ್ಮೆ ನೋಡಬೇಕು. ಟೈಟ್ರೇಷನ್ನಿಗೆ ಅಡ್ಡಿಯಾದ ಬಣ್ಣ ಇಲ್ಲಿ ಮೊದಲ ಹಂತದಲ್ಲೇ ಹಿಂದೆ ಉಳಿಯುತ್ತದೆ.

ಆಮೇಲೆ ಆರ್ಥೋ ಫಿನಿಲೀನ್ ಡೈಅಮೀನ್ ಸೇರಿಸಿ ಸುಮಾರು 35 ನಿಮಿಷ ಕತ್ತಲಲ್ಲಿ ಇಡುತ್ತಾರೆ. ಅದು ಡಿಹೈಡ್ರೋಆಸ್ಕಾರ್ಬಿಕ್ ಆಮ್ಲದೊಂದಿಗೆ ಕೂಡಿ ಕ್ವಿನಾಕ್ಸಲೀನ್ ವರ್ಗದ ಹೊಸ ಸಂಯುಕ್ತವಾಗುತ್ತದೆ, ಆ ಸಂಯುಕ್ತ 350ರ ಬೆಳಕಿಗೆ 430ರ ಹತ್ತಿರ ನೀಲಿಯಾಗಿ ಹೊಳೆಯುತ್ತದೆ.

ಇನ್ನು ಬೋರಿಕ್ ಆಮ್ಲ. ಹಣ್ಣಿನ ರಸದಲ್ಲಿ ಆ ಕಾರಕದೊಂದಿಗೆ ಕೂಡಿ ಹೊಳೆಯುವ ಬೇರೆ ವಸ್ತುಗಳೂ, ತಾವಾಗಿಯೇ ಹೊಳೆಯುವ ವಸ್ತುಗಳೂ ಇರಬಹುದು. ಅದನ್ನು ತಿಳಿಯಲು ಅದೇ ಸೋಸಿದ ದ್ರಾವಣದ ಇನ್ನೊಂದು ಪಾಲಿಗೆ ಮೊದಲು ಬೋರಿಕ್ ಆಮ್ಲ ಮತ್ತು ಸೋಡಿಯಂ ಅಸಿಟೇಟಿನ ದ್ರಾವಣವನ್ನು ಸೇರಿಸುತ್ತಾರೆ. ಬೋರಿಕ್ ಆಮ್ಲ ಡಿಹೈಡ್ರೋಆಸ್ಕಾರ್ಬಿಕ್ ಆಮ್ಲವನ್ನು ಕಟ್ಟಿಹಾಕುವುದರಿಂದ ಅದು ಕಾರಕದೊಂದಿಗೆ ಸೇರುವುದಿಲ್ಲ. ಆ ಪಾಲಿನಲ್ಲಿ ಕಾಣುವ ಹೊಳಪೆಲ್ಲ ಬೇರೆ ವಸ್ತುಗಳದ್ದು, ವಿಟಮಿನ್ನಿನದಲ್ಲ. ಮೊದಲ ಪಾಲಿನ ಹೊಳಪಿನಿಂದ ಇದನ್ನು ಕಳೆದರೆ ಉಳಿಯುವುದು ವಿಟಮಿನ್ ಸಿ. ಹೀಗೆ ಕಳೆಯಬೇಕಾದ ಅಳತೆಗೆ ಬ್ಲಾಂಕ್ ಎನ್ನುತ್ತೇವೆ. ಅಂದರೆ ಈ ಬ್ಲಾಂಕ್ ನೀರಿನದಲ್ಲ, ಆಯಾ ಹಣ್ಣಿನದೇ ಬ್ಲಾಂಕ್. ವಿಧಾನದ ಜೀವಾಳ ಇರುವುದು ಇಲ್ಲಿ. ಟಾರ್ಚು ಮತ್ತು ಆ್ಯಪ್ಪಿನ ಬಗ್ಗೆ ನನ್ನ ಆಕ್ಷೇಪಣೆಯೂ ಇಷ್ಟೇ: ಅದು ಏನನ್ನೂ ಕಳೆಯುವುದಿಲ್ಲ.

ಆರ್ಥೋ ಫಿನಿಲೀನ್ ಡೈಅಮೀನ್ ವಿಷಕಾರಿ. ಇದು ಮನೆಯಲ್ಲಿ ಮಾಡುವ ಪ್ರಯೋಗ ಅಲ್ಲ.

ಅಂಕೋಲಾದ ನಿವೃತ್ತ ಪ್ರಯೋಗಾಲಯ ಸಹಾಯಕ

ಮೇಡಂ ಅವರು ಬರೆದದ್ದಕ್ಕೆ ಕೈಕೆಲಸದ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ.

ಗಾಜಿನ ಸಾಮಾನನ್ನು ಬಟ್ಟೆ ಸೋಪಿನ ಪುಡಿಯಿಂದ ತೊಳೆಯಬಾರದು. ಬಟ್ಟೆ ಬೆಳ್ಳಗೆ ಕಾಣಲೆಂದು ಆ ಪುಡಿಯಲ್ಲಿ ಸೇರಿಸುವ ವಸ್ತುಗಳು ಅತಿನೇರಳೆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತವೆ. ಥಯೋಕ್ರೋಮ್ ಹೊಳೆಯುವುದೂ ನೀಲಿಯಲ್ಲೇ, ವಿಟಮಿನ್ ಸಿ ಯ ಕ್ವಿನಾಕ್ಸಲೀನ್ ಹೊಳೆಯುವುದೂ ನೀಲಿಯಲ್ಲೇ. ಕ್ಯೂವೆಟ್ಟಿನ ಗೋಡೆಗೆ ಅಂಟಿಕೊಂಡ ಸೋಪಿನ ಅಂಶವೂ ರೀಡಿಂಗಿನಲ್ಲಿ ಸೇರಿಹೋಗುತ್ತದೆ. ಕ್ಯೂವೆಟ್ಟನ್ನು ಹಿಡಿಯುವಾಗ ಮೇಲಿನ ಅಂಚನ್ನು ಮಾತ್ರ ಹಿಡಿಯಬೇಕು. ಫ್ಲೋರಿಮೀಟರಿನ ಕ್ಯೂವೆಟ್ಟಿಗೆ ನಾಲ್ಕೂ ಬದಿ ಪಾರದರ್ಶಕ, ಏಕೆಂದರೆ ಬೆಳಕು ಒಂದು ಬದಿಯಿಂದ ಒಳಗೆ ಹೋಗಿ ಹೊಳಪನ್ನು ಲಂಬ ಕೋನದಲ್ಲಿ ಇನ್ನೊಂದು ಬದಿಯಿಂದ ನೋಡುತ್ತಾರೆ.

ತಾಮ್ರದ ಪಾತ್ರೆಯನ್ನು ವಿಟಮಿನ್ ಸಿ ಇರುವ ರಸದ ಹತ್ತಿರ ತರಬಾರದು. ತಾಮ್ರದ ಅತ್ಯಲ್ಪ ಅಂಶವೂ ಆಸ್ಕಾರ್ಬಿಕ್ ಆಮ್ಲದ ಉತ್ಕರ್ಷಣವನ್ನು ವೇಗಗೊಳಿಸುತ್ತದೆ. ಇದು ಪ್ರಯೋಗಾಲಯಕ್ಕೆ ಮಾತ್ರವಲ್ಲ, ನೆಲ್ಲಿ ರಸ ತಯಾರಿಸುವ ಅಕ್ಕಂದಿರಿಗೂ ಅನ್ವಯಿಸುತ್ತದೆ.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋಗಿ ಬರುವುದು ಎಲ್ಲರಿಗೂ ಗೊತ್ತು. ದೀಪ ಆರಿ ಮತ್ತೆ ಹೊತ್ತಿದ ಮೇಲೆ ಅದು ಸ್ಥಿರವಾಗುವವರೆಗೆ ಕಾದು, ಸ್ಟ್ಯಾಂಡರ್ಡನ್ನು (ಪ್ರಮಾಣ ಮೊದಲೇ ಗೊತ್ತಿರುವ ದ್ರಾವಣವನ್ನು) ಮತ್ತೊಮ್ಮೆ ಇಟ್ಟು ನೋಡಿಯೇ ಮುಂದಿನ ಮಾದರಿಗೆ ಹೋಗಬೇಕು. ದೀಪದ ಬೆಳಕು ಕಡಿಮೆಯಾದರೆ ಹೊಳಪೂ ಅಷ್ಟೇ ಕಡಿಮೆಯಾಗುತ್ತದೆ.

ಕುಮಟಾದ ಎಂ.ಎಸ್ಸಿ. ವಿದ್ಯಾರ್ಥಿ

ಸರ್, ಎರಡು ಅನುಮಾನ. ನೆಲ್ಲಿಕಾಯಿಯ ದ್ರಾವಣವನ್ನು ಹೆಚ್ಚು ಗಟ್ಟಿಯಾಗಿ ಇಟ್ಟಾಗ ರೀಡಿಂಗ್ ಏರಬೇಕಿತ್ತು, ಬದಲಿಗೆ ಇಳಿಯುತ್ತದೆ. ಎರಡನೆಯದಾಗಿ, ಏನೂ ಹಾಕದ ನೀರಿಗೂ 350ರ ಬೆಳಕು ಕೊಟ್ಟಾಗ 397ರ ಹತ್ತಿರ ಒಂದು ಸಣ್ಣ ಶಿಖರ ಕಾಣುತ್ತದೆ. ಎರಡು ಬಾರಿ ಭಟ್ಟಿ ಇಳಿಸಿದ ನೀರಿನಲ್ಲೂ ಅದು ಹೋಗುವುದಿಲ್ಲ.

ಅಂಕೋಲಾದ ನಿವೃತ್ತ ಪ್ರಯೋಗಾಲಯ ಸಹಾಯಕ

ತಮ್ಮಾ, ಮೊದಲನೆಯದು ಗಟ್ಟಿ ದ್ರಾವಣದ ಸಹಜ ಗುಣ. ಬೆಳಕು ಕ್ಯೂವೆಟ್ಟಿನ ನಡುಭಾಗವನ್ನು ತಲುಪುವ ಮೊದಲೇ ಮುಂದಿನ ಪದರದಲ್ಲಿ ಹೀರಿಹೋಗುತ್ತದೆ, ಯಂತ್ರ ನೋಡುವುದು ನಡುಭಾಗವನ್ನು. ದ್ರಾವಣವನ್ನು ತೆಳುಗೊಳಿಸಿ ನೋಡು. ಅರ್ಧಕ್ಕೆ ತೆಳುಗೊಳಿಸಿದಾಗ ರೀಡಿಂಗ್ ಕೂಡ ಸರಿಯಾಗಿ ಅರ್ಧವಾಗುವ ಮಟ್ಟಕ್ಕೆ ಬಂದರೆ ಆಗ ಅಳತೆಯನ್ನು ನಂಬಬಹುದು. ನೆಲ್ಲಿಕಾಯಿಯಲ್ಲಿ ಪ್ರತಿ 100 ಗ್ರಾಂಗೆ ನೂರಾರು ಮಿಲಿಗ್ರಾಂ ವಿಟಮಿನ್ ಸಿ ಇರುತ್ತದೆ. ಪ್ರತಿದೀಪ್ತಿಗೆ ಬೇಕಾಗಿರುವುದು ಮೈಕ್ರೋಗ್ರಾಂ ಲೆಕ್ಕ. ಆದ್ದರಿಂದ ನೆಲ್ಲಿಗೆ ತೆಳುಗೊಳಿಸುವ ಕೆಲಸವೇ ದೊಡ್ಡದು. ಎರಡನೆಯ ಪ್ರಶ್ನೆಗೆ ಮೇಡಂ ಉತ್ತರಿಸಲಿ, ಅವರಿಗೆ ಅದು ಪ್ರೀತಿಯ ವಿಷಯ.

ಕಾರವಾರದ ರಸಾಯನಶಾಸ್ತ್ರ ಉಪನ್ಯಾಸಕಿ

ನಿಜ, ಇದಕ್ಕೆ ಉತ್ತರಿಸುವುದು ನನಗೆ ಸಂತೋಷದ ಕೆಲಸ. ಆ ಶಿಖರ ಕೊಳೆಯಲ್ಲ, ನೀರಿನದೇ ರಾಮನ್ ಚದುರಿಕೆ. ನೀರಿನ ಅಣು ಬೆಳಕನ್ನು ಚದುರಿಸುವಾಗ ತನ್ನ ಕಂಪನಕ್ಕೆ ಬೇಕಾದಷ್ಟು ಶಕ್ತಿಯನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡುತ್ತದೆ. 350 ಕೊಟ್ಟರೆ ಅದು 397ರಲ್ಲಿ ಕಾಣುತ್ತದೆ. ಪರೀಕ್ಷಿಸುವುದು ಸುಲಭ: ಕೊಡುವ ಬೆಳಕನ್ನು 360ಕ್ಕೆ ಬದಲಾಯಿಸಿ. ರಾಮನ್ ಶಿಖರ ಅದರ ಜೊತೆಗೇ ಸರಿದು 410ರ ಹತ್ತಿರ ಹೋಗುತ್ತದೆ. ನಿಜವಾದ ಪ್ರತಿದೀಪ್ತಿಯ ಶಿಖರ ಇದ್ದಲ್ಲೇ ಇರುತ್ತದೆ.

ಇದರ ಹಿಂದಿನ ಕಥೆಯೂ ನಿಮಗೆ ತಿಳಿದಿರಲಿ. ಕಲ್ಕತ್ತಾದಲ್ಲಿ ಸಿ. ವಿ. ರಾಮನ್ ಅವರ ಸಹೋದ್ಯೋಗಿ ಕೆ. ಆರ್. ರಾಮನಾಥನ್ 1923ರಲ್ಲೇ ದ್ರವಗಳಲ್ಲಿ ಈ ಮಂದವಾದ ಬೆಳಕನ್ನು ಕಂಡಿದ್ದರು. ಆಗ ಅದನ್ನು ದುರ್ಬಲ ಪ್ರತಿದೀಪ್ತಿ ಎಂದೇ ಭಾವಿಸಿದರು, ಕಲ್ಮಶದಿಂದ ಬಂದಿರಬಹುದೆಂದು ದ್ರವವನ್ನು ಮತ್ತೆ ಮತ್ತೆ ಶುದ್ಧೀಕರಿಸಿದರು, ಬೆಳಕು ಹೋಗಲಿಲ್ಲ. ಕೆ. ಎಸ್. ಕೃಷ್ಣನ್ ಅವರೊಂದಿಗೆ ಮುಂದುವರಿದ ಆ ಹುಡುಕಾಟ 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮದ ಶೋಧವಾಗಿ ಮುಗಿಯಿತು. ಭಟ್ಟಿ ಇಳಿಸಿದ ನೀರಿನಲ್ಲಿ ನೀವು ಕಂಡದ್ದು ಅದನ್ನೇ. ನಿಮ್ಮ ಕೆಲಸದ ಮಟ್ಟಿಗೆ, 430ರಲ್ಲಿ ಓದುವಾಗ ಅದರ ಅಂಚು ಸ್ವಲ್ಪ ತಾಗಬಹುದು, ಬ್ಲಾಂಕ್ ಕಳೆದರೆ ಅದೂ ಹೋಗುತ್ತದೆ.

ಶಿರಸಿಯ ಗೃಹೋದ್ಯಮಿ

ಎಲ್ಲವನ್ನೂ ಓದಿದೆ, ತುಂಬ ಉಪಕಾರವಾಯಿತು. ನಮ್ಮ ನುಗ್ಗೆ ಸೊಪ್ಪಿನ ಪುಡಿಯ ಬಗ್ಗೆ ಕೇಳುತ್ತೇನೆ. ನಾವು ಅದನ್ನು ಅಂಗಳದಲ್ಲಿ ಬಿಸಿಲಿಗೆ ಒಣಗಿಸುತ್ತೇವೆ. ಅದರಲ್ಲಿ ಬಿ2 ಉಳಿಯುತ್ತದೆಯೇ? ಜೊತೆಗೆ, ಮಾರುಕಟ್ಟೆಯಲ್ಲಿ ಕೆಲವರು ರಸಕ್ಕೆ ಹೊರಗಿನಿಂದ ವಿಟಮಿನ್ ಸಿ ಪುಡಿಯನ್ನು ಬೆರೆಸುತ್ತಾರೆ ಎನ್ನುತ್ತಾರೆ. ಈ ಪರೀಕ್ಷೆಯಲ್ಲಿ ಅದು ಗೊತ್ತಾಗುತ್ತದೆಯೇ?

ಕಾರವಾರದ ರಸಾಯನಶಾಸ್ತ್ರ ಉಪನ್ಯಾಸಕಿ

ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ: ಗೊತ್ತಾಗುವುದಿಲ್ಲ. ಬೆರೆಸಿದ ಆಸ್ಕಾರ್ಬಿಕ್ ಆಮ್ಲವೂ ನೆಲ್ಲಿಯದೂ ಒಂದೇ ಅಣು.

ಬಿ2 ವಿಷಯದಲ್ಲಿ ಬಿಸಿಲು ದೊಡ್ಡ ಶತ್ರು. ಒಂದು ಬಿ ಕಾಂಪ್ಲೆಕ್ಸ್ ಮಾತ್ರೆಯನ್ನು ನೀರಿನಲ್ಲಿ ಕದಡಿ, ತಿಳಿಯಾದ ಮೇಲ್ಭಾಗವನ್ನು ಬಹಳಷ್ಟು ತೆಳುಗೊಳಿಸಿ ಎರಡು ಗಾಜಿನ ಲೋಟಗಳಿಗೆ ಹಾಕಿ. ಒಂದನ್ನು ಬಿಸಿಲಿನಲ್ಲಿ, ಇನ್ನೊಂದನ್ನು ಕಪಾಟಿನಲ್ಲಿ ಇಡಿ. ಮಧ್ಯಾಹ್ನ ಎರಡನ್ನೂ ಕತ್ತಲ ಕೋಣೆಗೆ ತಂದು ಅತಿನೇರಳೆ ಬೆಳಕಿನಲ್ಲಿ ನೋಡಿದರೆ, ಕಪಾಟಿನದು ಹಳದಿ ಹಸಿರಾಗಿ ಹೊಳೆಯುತ್ತದೆ, ಬಿಸಿಲಿನದು ಮಂಕಾಗಿ ನೀಲಿಯ ಕಡೆಗೆ ತಿರುಗಿರುತ್ತದೆ. ರೈಬೋಫ್ಲೇವಿನ್ ಬೆಳಕಿಗೆ ಒಡೆದು ಲುಮಿಕ್ರೋಮ್ ಆದದ್ದರ ಗುರುತು ಆ ನೀಲಿ. ಎಲೆಯೊಳಗಿನ ರೈಬೋಫ್ಲೇವಿನ್ ಅಷ್ಟು ಬೇಗ ಹೋಗದಿದ್ದರೂ ನೆರಳಿನಲ್ಲಿ, ಗಾಳಿಯಾಡುವ ಕಡೆ ಒಣಗಿಸುವುದು ಖಂಡಿತವಾಗಿಯೂ ಉತ್ತಮ. ಅಡಿಕೆ ಒಣಗಿಸುವ ಡ್ರೈಯರ್ ಇದ್ದರೆ ಕಡಿಮೆ ಶಾಖದಲ್ಲಿ ಅದನ್ನೂ ಬಳಸಬಹುದು. ಈ ಮಾತ್ರೆಯ ಪ್ರಯೋಗವನ್ನು ಶಾಲೆಯ ಮಕ್ಕಳಿಗೂ ತೋರಿಸಬಹುದು, ಬೆಳಕನ್ನು ಕಣ್ಣಿಗೆ ಬಿಡದಂತೆ ನೋಡಿಕೊಂಡರೆ ಸಾಕು.

ಪ್ರಯೋಗಾಲಯದಲ್ಲಿ ಎಲೆಯ ಬಿ2 ಅಳೆಯುವಾಗಲೂ ಕಳೆಯುವ ಲೆಕ್ಕ ಇದೆ. ಒಮ್ಮೆ ಹೊಳಪನ್ನು ಓದಿ, ನಂತರ ಚಿಟಿಕೆ ಸೋಡಿಯಂ ಡೈಥಯೊನೈಟ್ ಹಾಕಿದರೆ ರೈಬೋಫ್ಲೇವಿನ್ ಅಪಕರ್ಷಣಗೊಂಡು ಹೊಳಪು ಆರಿಹೋಗುತ್ತದೆ. ಆಗಲೂ ಉಳಿಯುವ ಹೊಳಪು ಬೇರೆ ವಸ್ತುಗಳದ್ದು, ಅದನ್ನು ಕಳೆಯಬೇಕು. ತಡಮಾಡದೆ ಓದಬೇಕು, ಏಕೆಂದರೆ ಗಾಳಿ ತಾಗಿದಂತೆ ರೈಬೋಫ್ಲೇವಿನ್ ಮತ್ತೆ ಮೊದಲಿನಂತಾಗಿ ಹೊಳೆಯತೊಡಗುತ್ತದೆ.

ಯಲ್ಲಾಪುರದ ತೋಟಗಾರ

ಕೆಂಪು ಹರಿವೆಗೂ ಹೀಗೆಯೇ ಮಾಡಬಹುದೇ ಮೇಡಂ?

ಕಾರವಾರದ ರಸಾಯನಶಾಸ್ತ್ರ ಉಪನ್ಯಾಸಕಿ

ಮಾಡಬಹುದು, ಎಚ್ಚರಿಕೆ ಹೆಚ್ಚು ಬೇಕು. ಹರಿವೆಯ ಕೆಂಪು ಮುರುಗಲಿನ ಕೆಂಪಿನಂತೆ ಆಂಥೋಸಯನಿನ್ ಅಲ್ಲ. ಬೀಟ್‌ರೂಟಿನಲ್ಲಿರುವ ಬೆಟಾಲೇನ್ ವರ್ಗಕ್ಕೆ ಸೇರಿದ್ದು. ಆ ವರ್ಗದ ಹಳದಿ ವರ್ಣದ್ರವ್ಯಗಳಾದ ಬೆಟಾಕ್ಸಾಂಥಿನ್‌ಗಳು ರೈಬೋಫ್ಲೇವಿನ್‌ಗೆ ಬಹಳ ಹತ್ತಿರದ ಹಸಿರಿನಲ್ಲಿ ತಾವೇ ಹೊಳೆಯುತ್ತವೆ. ಡೈಥಯೊನೈಟ್ ಬ್ಲಾಂಕ್ ಇಲ್ಲದೆ ಕೆಂಪು ಹರಿವೆಯ ಬಿ2 ಸಂಖ್ಯೆಯನ್ನು ಯಾರಾದರೂ ಕೊಟ್ಟರೆ ನಾನು ಅದನ್ನು ಒಪ್ಪುವುದಿಲ್ಲ. ಸಾಧ್ಯವಿದ್ದಲ್ಲಿ ಎಚ್.ಪಿ.ಎಲ್.ಸಿ. ಯಂತ್ರದಲ್ಲಿ ಮೊದಲು ವಸ್ತುಗಳನ್ನು ಬೇರ್ಪಡಿಸಿ, ಆಮೇಲೆ ಪ್ರತಿದೀಪ್ತಿಯನ್ನು ಓದಿಸುವುದು ಒಳ್ಳೆಯದು.

ಅಂಕೋಲಾದ ನಿವೃತ್ತ ಪ್ರಯೋಗಾಲಯ ಸಹಾಯಕ

ಶಿರಸಿಯ ಅಕ್ಕಾ, ಮಾದರಿ ಕಳಿಸುವ ಬಗ್ಗೆ ಹೇಳುತ್ತೇನೆ. ರಸವನ್ನು ಕಂದು ಗಾಜಿನ ಬಾಟಲಿಗೆ ಕಂಠದವರೆಗೂ ತುಂಬಿಸಿ, ಒಳಗೆ ಗಾಳಿ ಉಳಿಯಬಾರದು. ಐಸ್ ಇಟ್ಟ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ರಾತ್ರಿ ಬಸ್ಸಿಗೆ ಹಾಕಿದರೆ ಹುಬ್ಬಳ್ಳಿಗಾಗಲಿ ಬೆಂಗಳೂರಿಗಾಗಲಿ ಬೆಳಗ್ಗೆ ತಲುಪುತ್ತದೆ. ಬಾಟಲಿಯ ಮೇಲೆ ತಯಾರಿಸಿದ ದಿನ, ಕೆ.ಎಂ.ಎಸ್. ಹಾಕಿದ್ದರೆ ಅದರ ಪ್ರಮಾಣ, ಸಕ್ಕರೆ ಎಷ್ಟು ಎಂಬುದನ್ನು ಬರೆಯಿರಿ. ಹೊಸದಾಗಿ ತಯಾರಿಸಿದ ಬಾಟಲಿಯ ಜೊತೆಗೆ, ಅಂಗಡಿಯ ಕಪಾಟಿನಲ್ಲಿ ಕೆಲವು ತಿಂಗಳು ಇದ್ದ ಒಂದು ಬಾಟಲಿಯನ್ನೂ ಕಳಿಸಿ, ಏಕೆಂದರೆ ಗ್ರಾಹಕ ಕುಡಿಯುವುದು ಅದನ್ನು.

ವರದಿ ಬಂದಾಗ ಯಾವ ವಿಧಾನ ಎಂದು ಕೇಳಿ. ಟೈಟ್ರೇಷನ್ ಲೆಕ್ಕಕ್ಕೆ ಬರುವುದು ಆಸ್ಕಾರ್ಬಿಕ್ ಆಮ್ಲ ಮಾತ್ರ. ಪ್ರತಿದೀಪ್ತಿಯ ವಿಧಾನದಲ್ಲಿ ಡಿಹೈಡ್ರೋಆಸ್ಕಾರ್ಬಿಕ್ ಆಮ್ಲವೂ ಸೇರುತ್ತದೆ. ಎರಡಕ್ಕೂ ವಿಟಮಿನ್ ಗುಣ ಇರುವುದರಿಂದ ಹಳೆಯ ಬಾಟಲಿಗೆ ಎರಡನೆಯ ಸಂಖ್ಯೆ ಹೆಚ್ಚು ಬಂದರೆ ಆಶ್ಚರ್ಯಪಡಬೇಡಿ.

ಶಿರಸಿಯ ಗೃಹೋದ್ಯಮಿ

ಹಾಗೆಯೇ ಮಾಡುತ್ತೇವೆ. ಟಾರ್ಚು ಬೇಡವೆಂದು ಮಾರಾಟಗಾರರಿಗೆ ಈ ದಿನವೇ ತಿಳಿಸಿದ್ದೇನೆ. ನೆಲ್ಲಿ ರಸಕ್ಕೆ ಮತ್ತು ಮುರುಗಲು ಸಿರಪ್ಪಿಗೆ ಪ್ರತಿದೀಪ್ತಿಯ ವಿಧಾನ, ಆಯಾ ಮಾದರಿಯದೇ ಬ್ಲಾಂಕ್, ಹೊಸದು ಮತ್ತು ಹಳೆಯದು ಎರಡೂ ಬಾಟಲಿ, ಹೀಗೆ ಬರೆದು ಪ್ರಯೋಗಾಲಯಕ್ಕೆ ಪತ್ರ ಕಳಿಸುತ್ತೇನೆ. ನುಗ್ಗೆ ಪುಡಿಯನ್ನು ಮುಂದಿನ ಸಲ ಒಂದು ಪಾಲು ಬಿಸಿಲಿಗೆ, ಒಂದು ಪಾಲು ನೆರಳಿಗೆ ಒಣಗಿಸಿ ಎರಡರ ಬಿ2 ಅನ್ನೂ ಕೇಳುವುದೆಂದು ನಮ್ಮವರು ಒಪ್ಪಿದ್ದಾರೆ. ವರದಿ ಬಂದ ಕೂಡಲೇ ಸಂಖ್ಯೆಗಳನ್ನು ಇಲ್ಲೇ ಹಾಕುತ್ತೇನೆ, ತಾವೆಲ್ಲ ನೋಡಿ ಹೇಳಬೇಕು.